ಫಾರ್ಮ್ 1ಎ ಬರೀ ಕಾಗದವಲ್ಲ
(ಮುಂಬಯಿಯಲ್ಲಿ ನಡೆದ ಸಂಘದ ಹಿರಿಯ ಸದಸ್ಯರ ಸಭೆಯಲ್ಲಿ ನೇತ್ರವೈದ್ಯರೊಬ್ಬರು ಮಾಡಿದ ಭಾಷಣ)



ಇಲ್ಲಿರುವ ಬಹಳಷ್ಟು ಮಂದಿ ಅರವತ್ತು ದಾಟಿದವರು, ಇನ್ನೂ ತಾವೇ ಕಾರು ಓಡಿಸುವವರು. ಸಂತೋಷ. ನಿಮ್ಮ ಲೈಸೆನ್ಸ್ ಯಾವ ತಾರೀಕಿನವರೆಗೆ ಇದೆ ಎಂದು ಒಮ್ಮೆ ಪರ್ಸ್ ತೆಗೆದು ನೋಡಿ.

55 ದಾಟಿದ ಮೇಲೆ ನವೀಕರಣ ಐದೈದು ವರ್ಷಕ್ಕೆ ಮಾತ್ರ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ಕಳೆದರೆ ಮತ್ತೆ ಟೆಸ್ಟ್ ಕೊಡಬೇಕು. ಹಿಂದೆ ಇದ್ದ 30 ದಿನಗಳ ವಿನಾಯಿತಿಯನ್ನು 2019ರ ತಿದ್ದುಪಡಿಯಲ್ಲಿ ತೆಗೆದಿದ್ದಾರೆ. ತಾರೀಕು ಮುಗಿದ ಮರುದಿನ ಗಾಡಿ ಗುದ್ದಿದರೂ ವಿಮಾ ಕಂಪನಿ ನಿಮ್ಮ ಕ್ಲೇಮ್ ತಳ್ಳಿಹಾಕಬಹುದು.

ನಲವತ್ತು ದಾಟಿದವರು ಅರ್ಜಿಯ ಜೊತೆ ಡಾಕ್ಟರ ಸರ್ಟಿಫಿಕೇಟ್, ಅಂದರೆ ಫಾರ್ಮ್ 1ಎ, ಕೊಡಬೇಕು. ನಾನು ಮಾತಾಡಲು ಬಂದದ್ದೇ ಇದರ ಬಗ್ಗೆ. ಕೆಲವು ಏಜೆಂಟರು ಇದಕ್ಕೆ ಸಹಿ ಹಾಕಿಸಿಯೇ ತಂದುಕೊಡುತ್ತಾರೆ. ಸಹಿ ಹಾಕಿದ ಡಾಕ್ಟರು ನಿಮ್ಮ ಮುಖವನ್ನೂ ನೋಡಿರುವುದಿಲ್ಲ. ಕೆಲಸ ಬೇಗ ಮುಗಿಯಿತು ಎಂದು ನಾವು ಖುಷಿಪಡುತ್ತೇವೆ!

25 ಮೀಟರ್ ದೂರದ ನಂಬರ್ ಪ್ಲೇಟ್ ಹಗಲಿನಲ್ಲಿ ಓದಲು ಬರಬೇಕು, ಕನ್ನಡಕ ಹಾಕಿಕೊಂಡರೂ ಸರಿ. ನಿಮ್ಮ ಬಿಲ್ಡಿಂಗ್ ಕಂಪೌಂಡಿನಲ್ಲೇ ಪರೀಕ್ಷಿಸಿ ನೋಡಿ. ಆದರೆ ಅಷ್ಟೇ ಸಾಲದು. ಗ್ಲಾಕೋಮಾ ಇದ್ದವರಿಗೆ ನೋವಿಲ್ಲದೆ ಪಕ್ಕದ ನೋಟ ಕುಗ್ಗುತ್ತಾ ಬರುತ್ತದೆ. ಪ್ಲೇಟು ಓದುತ್ತಾರೆ, ಎಡಗಡೆಯಿಂದ ನುಗ್ಗುವ ಸ್ಕೂಟರ್ ಕಾಣುವುದಿಲ್ಲ. ಕಣ್ಣಿನ ಪೊರೆ ಇದ್ದರೆ ಎದುರು ಗಾಡಿಯ ಹೆಡ್‌ಲೈಟ್ ಒಡೆದು ಹರಡಿದಂತೆ ಕಾಣುತ್ತದೆ, ಮಳೆ ಬಿದ್ದ ರಸ್ತೆಯಲ್ಲಂತೂ ಇನ್ನೂ ಹೆಚ್ಚು. ಬೆಳಗಾವಿ, ಹುಬ್ಬಳ್ಳಿ ಕಡೆ ಊರಿಗೆ ಹೊರಟವರು ಖಂಬಾಟ್ಕಿ ಘಾಟನ್ನು ಹಗಲಿನಲ್ಲೇ ದಾಟಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಪ್ಪಿಸಿ ಸ್ಟಿಯರಿಂಗ್ ಹಿಡಿಯಬೇಡಿ. ಬೆವರು, ನಡುಕ ಬಂದರೆ ಗಾಡಿ ಪಕ್ಕಕ್ಕೆ ನಿಲ್ಲಿಸಿ, ಸಕ್ಕರೆ ತಿನ್ನಿ, ಪೂರ್ತಿ ಚೇತರಿಸಿಕೊಳ್ಳುವ ತನಕ ಕಾಯಿರಿ. ನೆಗಡಿಯ ಎಷ್ಟೋ ಮಾತ್ರೆಗಳು ತೂಕಡಿಕೆ ತರುತ್ತವೆ, ಅದೂ ನೆನಪಿರಲಿ.

ನಮಗಾದರೆ ಓಡಿಸುವುದು ಬಿಟ್ಟರೂ ಮಗಳ ಕಾರಿದೆ, ರಿಕ್ಷಾ ಇದೆ. ಟ್ಯಾಕ್ಸಿ ಓಡಿಸಿಯೇ ಸಂಸಾರ ನಡೆಸುವ ನಮ್ಮವರ ಪಾಡೇನು? ಕಳೆದ ಮಳೆಗಾಲದಲ್ಲಿ 61 ವರ್ಷದ ಒಬ್ಬರು ನನ್ನ ಬಳಿ ಬಂದರು. ಬಲಗಣ್ಣಿನಲ್ಲಿ ಎದುರು ಹಿಡಿದ ಬೆರಳು ಎಣಿಸುವಷ್ಟೇ ನೋಟ. ಓಡಿಸುತ್ತಿದ್ದದ್ದು ರಾತ್ರಿ ಪಾಳಿ. ಜೇಬಿನಲ್ಲಿ ಹೊಸ ಸರ್ಟಿಫಿಕೇಟ್! ಗದರಲು ಮನಸ್ಸಾಗಲಿಲ್ಲ. ಆಪರೇಷನ್ ಎಂದರೆ ಖರ್ಚು, ಮೇಲೆ ಕೆಲವು ವಾರಗಳ ದುಡಿಮೆಯೂ ಹೋಯಿತು. ಅದಕ್ಕೇ ಮುಚ್ಚಿಟ್ಟಿದ್ದರು. ಪೊರೆ ತೆಗೆದರೆ ಇಂಥ ಎಷ್ಟೋ ಜನ ಸುರಕ್ಷಿತವಾಗಿ ಮತ್ತೆ ಗಾಡಿ ಓಡಿಸಬಲ್ಲರು.

ಇಂಥವರ ತಪಾಸಣೆಗೂ ಆಪರೇಷನ್ನಿಗೂ ನಾನು ಶುಲ್ಕ ತೆಗೆದುಕೊಳ್ಳುವುದಿಲ್ಲ. ಲೆನ್ಸು, ಔಷಧಿ, ಆಸ್ಪತ್ರೆಯ ಬಿಲ್ಲು ಮತ್ತು ಆ ವಾರಗಳ ಮನೆ ರೇಷನ್ನು ಸಂಘದ ವೈದ್ಯಕೀಯ ನೆರವು ನಿಧಿಯಿಂದ ಸಿಗಬೇಕು. ರೇಷನ್ನನ್ನು ಮರೆಯಬೇಡಿ, ಜನ ಹಿಂಜರಿಯುವುದು ಅಲ್ಲೇ.

ಕೋಶಾಧಿಕಾರಿಗಳು ರಸೀದಿ ಪುಸ್ತಕ ಹಿಡಿದು ಬಾಗಿಲ ಬಳಿ ಕೂತಿದ್ದಾರೆ. ಪಕ್ಕದ ಮೇಜಿನಲ್ಲಿ ನಾನಿರುತ್ತೇನೆ, ಕಣ್ಣು ತೋರಿಸಿಕೊಂಡೇ ಹೋಗಿ.