ಮಗುಚಿ ಹಾಕುವ ಹೊತ್ತು



1942ರಲ್ಲಿ ಬ್ರಿಟಿಷರಿಗೆ ಸೆಡ್ಡು ಹೊಡೆದು ‘ನಾವು ಸ್ವತಂತ್ರರು’ ಎಂದು ಸಾರಿದ ಊರು ಈ ಈಸೂರು. ಇಲ್ಲಿ ನಿಂತು ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ಎಂಬ ರಾಕ್ ತಂಡದ ಮಾತೆತ್ತಲು ಸ್ವಲ್ಪ ಅಳುಕು. ಸಮಾಧಾನಕ್ಕೆ ಒಂದು ಸಂಗತಿ: ನನ್ನಲ್ಲಿರುವ ಅವರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಪ್ಲೇಟು ಕಲ್ಕತ್ತೆಯ ಡಂಡಂ ಕಾರ್ಖಾನೆಯಲ್ಲಿ ಅಚ್ಚಾದದ್ದು. ಅಷ್ಟರಮಟ್ಟಿಗೆ ಸ್ವದೇಶಿ!

ಬೆಂಗಳೂರಿನಲ್ಲಿ ಓದುವಾಗ ಕೊಂಡದ್ದು. ಕಳೆದ ಮಳೆಗಾಲ ಸೋರುವ ಹೆಂಚು ನೋಡಲು ಅಟ್ಟ ಹತ್ತಿದಾಗ ಅಡಿಕೆ ಚೀಲದ ಹಿಂದೆ ಸಿಕ್ಕಿತು. ರಟ್ಟಿನ ಹೊದಿಕೆಯ ಮೂಲೆಯನ್ನು ಇಲಿ ತಿಂದಿತ್ತು. ಪ್ಲೇಟಿಗೆ ಏನೂ ಆಗಿರಲಿಲ್ಲ. 1973ರ ಸಂಗೀತ, ಅದರ ಚರಿತ್ರೆ ಇವತ್ತು ಬೇಡ. ನನ್ನ ತಕರಾರು ಪ್ಲೇಟು ಮಗುಚುವುದರದ್ದು.

ಮೊದಲ ಮಗ್ಗುಲಿನ ಕೊನೆಗೆ ಒಬ್ಬ ಹೆಂಗಸು ಮಾತಿಲ್ಲದೆ, ನಮ್ಮ ಆಲಾಪದ ಹಾಗೆ ಹಾಡುತ್ತಾಳೆ. ದನಿ ಇಳಿಯುತ್ತದೆ, ಮುಳ್ಳು ನಡುವಿಗೆ ಬಂದು ಕರಕರ ಅನ್ನುತ್ತದೆ. ಎದ್ದು, ಮಗುಚಿ, ಮುಳ್ಳಿಟ್ಟರೆ ಚಿಲ್ಲರೆ ಕಾಸಿನ ಸದ್ದು, ಗಲ್ಲಾಪೆಟ್ಟಿಗೆಯ ಗಂಟೆ. ಆಗೊಮ್ಮೆ ಅಮ್ಮ ಅಡುಗೆಮನೆಯಿಂದಲೇ “ಮಂಡಿಯವ್ರು ಬಂದ್ರೇನೋ?” ಎಂದು ಕೇಳಿದ್ದರು. ಮೊಮ್ಮಗನ ಫೋನಿನಲ್ಲಿ ಆ ಹಾಡುವ ಹೆಂಗಸಿನ ದನಿ ಆರುವ ಮೊದಲೇ ಕಾಸು ಬೀಳುತ್ತದೆ. ಎದ್ದು ಹೋಗುವ ಆ ಅರ್ಧ ನಿಮಿಷವೂ ಸಂಗೀತದ ಭಾಗವೇ ಅಂತ ನನ್ನ ವಾದ.

ನನ್ನ ಸಂಗೀತದ ಮೇಷ್ಟ್ರು ಇದ್ದಿದ್ದರೆ ನಗುತ್ತಿದ್ದರು. ಅವರು ಅರಗಿನ ಪ್ಲೇಟಿನ ಕಾಲದವರು, ಕೀ ಕೊಟ್ಟು ಮಲ್ಲಿಕಾರ್ಜುನ ಮನಸೂರರನ್ನು ಕೇಳಿದವರು. ಮಗ್ಗುಲಿಗೆ ಮೂರು, ಹೆಚ್ಚೆಂದರೆ ಮೂರೂವರೆ ನಿಮಿಷ. “ಅಷ್ಟರಲ್ಲಿ ರಾಗ ತೋರಿಸದವನು ರಾತ್ರಿಯಿಡೀ ಹಾಡಿದರೂ ತೋರಿಸಲಾರ” ಅನ್ನುತ್ತಿದ್ದರು. ಆ ಪ್ಲೇಟುಗಳಲ್ಲಿ ಕೊನೆಯ ತಾನಿನ ಗಡಿಬಿಡಿ ನನಗೆ ಕೇಳುತ್ತಿತ್ತು. ಅವರಿಗೆ ಕೇಳುತ್ತಿರಲಿಲ್ಲವೇ? ವಿಚಾರಿಸುವ ಧೈರ್ಯ ಬರಲಿಲ್ಲ.

ಪಿಂಕ್ ಫ್ಲಾಯ್ಡ್‌ನವರದೇ ‘ಎಕೋಸ್’ ಹಾಡು, 1971ರದ್ದು, ಇಡೀ ಮಗ್ಗುಲನ್ನು ನುಂಗುತ್ತದೆ; ಸುಮಾರು 23 ನಿಮಿಷ. ಮಗ್ಗುಲಿಗೆ ಮಿತಿಯೇ ಇಲ್ಲದಿದ್ದರೆ ಅವರು ಅಲ್ಲೇ ನಿಲ್ಲಿಸುತ್ತಿದ್ದರೇ? ಹಾಡಿನ ಉದ್ದ ಗೊತ್ತುಮಾಡಿದ್ದು ಹಾಡುವವರೋ, ಪ್ಲೇಟೋ? ಪ್ಲೇಟೇ ಅನ್ನುವುದಾದರೆ, ನಾನು ಇಷ್ಟು ಹೊಗಳಿದ ಬಿಡುವು ಬರೀ ಜಾಗದ ಕೊರತೆಯೇ? ಮೊಮ್ಮಗ ಅಟ್ಟದ ಆ ಪ್ಲೇಟಿನ ಎರಡೂ ಮಗ್ಗುಲನ್ನು ಕಂಪ್ಯೂಟರಿಗೆ ಇಳಿಸಿಕೊಟ್ಟಿದ್ದಾನೆ. “ನಡುವಿನ ಕರಕರ ತೆಗೀಲಾ ಅಜ್ಜ?” ಅಂದ. ಇನ್ನೂ ಉತ್ತರ ಕೊಟ್ಟಿಲ್ಲ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

ನಿಮ್ಮ ಅಟ್ಟದಲ್ಲೂ ಪ್ಲೇಟುಗಳಿದ್ದರೆ ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನಿಲ್ಲಿಸಿಡಿ. ಬೂಸ್ಟು ಹಿಡಿದಿದೆಯೆಂದು ಬಿಸಿಲಿಗೆ ಮಾತ್ರ ಹಾಕಬೇಡಿ, ಹಪ್ಪಳದ ಹಾಗೆ ಸೊಟ್ಟಗಾಗುತ್ತವೆ.