ಹೇಳಿ ಹೋಗುವ ಯಂತ್ರಗಳು
(ವಾರ್ಷಿಕ ಸಹಾಯಾರ್ಥ ಸಮಾರಂಭದಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಹಲವರು ಅಮೆರಿಕೆಗೆ ಬಂದದ್ದು ಮೇನ್‌ಫ್ರೇಮ್ ಕೃಪೆಯಿಂದ. 2000ನೇ ಇಸವಿ ಹತ್ತಿರವಾದಾಗ, ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟ ಹಳೆಯ ಕೋಬಾಲ್ ಪ್ರೋಗ್ರಾಮುಗಳನ್ನು ತಿದ್ದಲು ಜನ ಬೇಕಾಗಿದ್ದರು, ನಾವು ಬಂದೆವು. "ಅಲ್ಲಿ ಏನು ಮಾಡುತ್ತಿದ್ದಿರಿ?" ಎಂದು ಮಕ್ಕಳು ಕೇಳಿದರೆ ಉತ್ತರ ಹೇಳುವುದು ಕಷ್ಟ. ಇಂದು ಅದರಲ್ಲಿ ಒಂದೇ ಸಂಗತಿ ಹೇಳುತ್ತೇವೆ: ಎರಡು ಮೇನ್‌ಫ್ರೇಮ್‌ಗಳು ಮಾತು ಆರಂಭಿಸುವುದು ಹೇಗೆ, ಮುಗಿಸುವುದು ಹೇಗೆ.

ಐಬಿಎಂ ಸಂಸ್ಥೆ 1974ರಲ್ಲಿ ಎಸ್‌ಎನ್‌ಎ ಎಂಬ ಸಂಪರ್ಕ ವ್ಯವಸ್ಥೆಯನ್ನು ಪ್ರಕಟಿಸಿತು. ಬ್ಯಾಂಕು, ವಿಮಾ ಕಂಪನಿಗಳ ಕಂಪ್ಯೂಟರುಗಳು ದಶಕಗಳ ಕಾಲ ಇದನ್ನು ನೆಚ್ಚಿಕೊಂಡಿದ್ದವು. ಇದರಲ್ಲಿ ಯಾರೂ ಏಕಾಏಕಿ ಮಾತು ಶುರು ಮಾಡುವಂತಿಲ್ಲ. ಮೊದಲು ಒಂದು ಕಡೆಯಿಂದ 'ಬೈಂಡ್' ಎಂಬ ಸಂದೇಶ ಹೋಗುತ್ತದೆ. ಒಂದು ಸಲಕ್ಕೆ ಎಷ್ಟು ದೊಡ್ಡ ಸಂದೇಶ, ಎಷ್ಟು ಕಳಿಸಿದ ಮೇಲೆ ನಿಂತು ಕಾಯಬೇಕು, ಇಬ್ಬರೂ ಒಟ್ಟಿಗೆ ಬಾಯಿ ತೆರೆದರೆ ಯಾರಿಗೆ ಮೊದಲ ಮಾತು - ಎಲ್ಲ ಕರಾರೂ ಅದರಲ್ಲಿರುತ್ತದೆ. ಆ ಕಡೆಯವರು ಒಪ್ಪಬಹುದು, ಬೇಡವೆನ್ನಬಹುದು. ಕೆಲವು ಬಗೆಯ ಸೆಷನ್‌ಗಳಲ್ಲಿ "ಅಷ್ಟಾಗದು, ಇಷ್ಟಾದೀತು" ಎಂದು ತಿದ್ದಿಯೂ ಕಳಿಸಬಹುದು. ನಮ್ಮ ಮದುವೆ ಮಾತುಕತೆಯಂತೆಯೇ!

ಸೆಷನ್ ಮುಗಿಸುವ ಸಂದೇಶ 'ಅನ್‌ಬೈಂಡ್'. ಆದರೆ ಮೇನ್‌ಫ್ರೇಮ್ ಪ್ರೋಗ್ರಾಮುಗಳು ಸರಿಸಮನಾಗಿ ಮಾತಾಡುವ ಎಲ್‌ಯು 6.2 ಎಂಬ ಪದ್ಧತಿಯಲ್ಲಿ, ಸಾಮಾನ್ಯವಾಗಿ ಅದನ್ನು ನೇರವಾಗಿ ಕಳಿಸುವುದಿಲ್ಲ. "ಇನ್ನು ನಾನು ಹೊಸ ಮಾತು ಎತ್ತುವುದಿಲ್ಲ" ಎಂದು ಒಂದು ಕಡೆ ಮೊದಲೇ ತಿಳಿಸುತ್ತದೆ. ನಡೆಯುತ್ತಿರುವ ಕೆಲಸ ಮುಗಿಯುತ್ತದೆ. ಆ ಕಡೆಯೂ ಹಾಗೆಯೇ ಹೇಳಿದ ಮೇಲಷ್ಟೇ 'ಅನ್‌ಬೈಂಡ್'. ಎಲ್ಲ ಸೆಷನ್‌ಗಳನ್ನೂ ಮುಚ್ಚುವುದಾದರೆ 'ಡ್ರೇನ್' ಎಂಬ ಆಯ್ಕೆಯೂ ಇದೆ: ಸರದಿಯಲ್ಲಿ ಕಾಯುತ್ತಿರುವವರ ಕೆಲಸ ಮಾಡಿಕೊಟ್ಟು ಆಮೇಲೆ ಬಾಗಿಲು ಹಾಕುವುದು. ನಡುವೆಯೇ ಸಂಪರ್ಕ ಕಡಿದರೆ ಫಜೀತಿ. ಒಂದು ಖಾತೆಯಿಂದ ಹಣ ಕಳೆದು ಇನ್ನೊಂದಕ್ಕೆ ಸೇರದೆ ಉಳಿಯಿತೇ ಎಂದು ಎರಡೂ ಕಡೆಯವರು ಲೆಕ್ಕ ತಾಳೆ ನೋಡಬೇಕಾಗುತ್ತದೆ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ಊರಿನ ಒಬ್ಬ ವಿದ್ಯಾರ್ಥಿಗೆ "ಓದಿಸುತ್ತೇವೆ" ಎಂದು ನಾವು ಹೇಳುವುದೂ ಒಂದು ಕರಾರೇ. ಎಷ್ಟು ವರ್ಷ, ಫೀಸು ಮಾತ್ರವೋ ಹಾಸ್ಟೆಲ್ ಖರ್ಚೂ ಸೇರಿಯೋ ಎಂಬುದನ್ನು ಮೊದಲೇ ಮಾತಾಡಿಕೊಳ್ಳೋಣ. ಕೆಲಸ ಹೋಯಿತು, ಮನೆಯಲ್ಲಿ ಕಾಯಿಲೆ ಬಂತು, ಕೊಡಲಾಗುತ್ತಿಲ್ಲ ಎಂದಾದರೆ ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಫೀಸು ಕಟ್ಟುವ ಕಾಲಕ್ಕೆ ಮುಂಚೆ ತಿಳಿಸಿದರೆ ಇನ್ನೊಂದು ಕುಟುಂಬ ಮುಂದೆ ಬರಲು ಸಮಯ ಸಿಗುತ್ತದೆ. ಸುಮ್ಮನಾಗಿಬಿಟ್ಟರೆ ಮಾತ್ರ ಆ ಮಗುವನ್ನು ನಡುನೀರಿನಲ್ಲಿ ಕೈಬಿಟ್ಟಂತೆ.

ಆದ್ದರಿಂದ ನಮ್ಮ ವಿನಂತಿ ಇಷ್ಟೇ: ಈ ಸಲ ಸೇರುವ ಹಣದಲ್ಲಿ, ಈಗ ಓದುತ್ತಿರುವ ಮಕ್ಕಳ ಕೋರ್ಸು ಮುಗಿಯುವವರೆಗಿನ ಖರ್ಚನ್ನು ಮೊದಲು ಎತ್ತಿಡೋಣ, ಹೊಸ ಅರ್ಜಿಗಳನ್ನು ಆಮೇಲೆ ತೆರೆಯೋಣ. ಹೊರಡುವಾಗಲೂ "ಬರುತ್ತೇವೆ" ಎಂದು ಹೇಳಿ ಹೊರಡುವ ಜನ ನಾವು. ಕೊಡುವ ಕೆಲಸದಲ್ಲೂ ಆ ರೂಢಿ ಇರಲಿ.