ಹಿಂಪಡೆ, ಇಸ್ಕೊ, ಕಸ್ಕೊ

ಕೊಟ್ಟದ್ದನ್ನ ವಾಪಸ್ ತಗೊಳ್ಳೋದಕ್ಕೆ ಕನ್ನಡದಲ್ಲಿ ಇರೋ ಮಾತುಗಳನ್ನ ಇವತ್ತು ನೋಡೋಣ. ಬ್ಯಾಂಕಿನಲ್ಲಿ, ಪತ್ರಿಕೆಯಲ್ಲಿ ಅದು ‘ಹಿಂಪಡೆ’.

ಈ ಪದದ ಎರಡು ತುಂಡೂ ಹಳಗನ್ನಡದಲ್ಲಿ ಪಕಾರದ್ದೇ. ಪುಲಿ ಹುಲಿಯಾದ ಹಾಗೆ ‘ಪಿನ್’ ಹೋಗಿ ‘ಹಿನ್’ ಆಯ್ತು. ‘ಪಡೆ’ ಮಾತ್ರ ಎರಡು ರೂಪದಲ್ಲಿ ಉಳೀತು. ಬರವಣಿಗೆಯಲ್ಲಿ ಪಡೆ ಹಾಗೇ ಇದೆ. ಆಡುಮಾತಲ್ಲಿ ‘ಹಡೆ’ ಆಗಿ ಹೆರಿಗೆಗೆ ಮೀಸಲಾಯ್ತು. ಹಡೆದವ್ವ ಅಂದರೆ ಮಗುವನ್ನ ಪಡೆದ ಅವ್ವ.

ಆದರೆ ತುಮಕೂರು ಕಡೆ ಕೊಟ್ಟ ಸಾಲವನ್ನ ಯಾರೂ ‘ಹಿಂಪಡೆಯಲ್ಲ’. ‘ಹೋಗಿ ದುಡ್ಡು ಇಸ್ಕೊಂಡು ಬಾ’ ಅಂತಾರೆ. ಇದರ ಪೂರ್ತಿ ರೂಪ ಈಸಿಕೊಳ್ಳು. ‘ಈ’ ಅಂದರೆ ಕೊಡು. ‘ಇಸು’ ಸೇರಿದರೆ ಕೊಡಿಸು. ‘ಕೊಳ್ಳು’ ಸೇರಿದರೆ ತನಗೆ ಕೊಡಿಸಿಕೊ. ಕೊಡೋನ ಕೈ ಈ ಪದದ ಒಳಗೇ ಇದೆ. ‘ಕಸ್ಕೊ’, ಅಂದರೆ ಕಸಿದುಕೊಳ್ಳು, ಅದರಲ್ಲಿ ಕೊಡೋ ಕೈ ಇಲ್ಲ, ಕೀಳೋ ಕೈ ಮಾತ್ರ.

ಈ ವ್ಯತ್ಯಾಸ ಬರೀ ವ್ಯಾಕರಣದ್ದಲ್ಲ. ಹಾಸನ ಜಿಲ್ಲೆ ಗೊರೂರಿನ ಅಣೆಕಟ್ಟೆಯ ಹೇಮಾವತಿ ನೀರು ನಾಲೆಯಲ್ಲಿ ತುಮಕೂರು ಜಿಲ್ಲೆಗೆ ಬರುತ್ತೆ. ಅದನ್ನ ಕುಣಿಗಲ್ ಕಡೆಗೆ, ಮುಂದೆ ಮಾಗಡಿಗೆ ನೇರವಾಗಿ ಒಯ್ಯೋದಕ್ಕೆ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆ ಯೋಜನೆ ಬಂತು. 2025ರ ಮೇ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ದೊಡ್ಡ ಪ್ರತಿಭಟನೆ ಆಯ್ತು. ಬೇಡಿಕೆ ಒಂದೇ: ಯೋಜನೆ ಹಿಂಪಡೆಯಿರಿ.

ಇಲ್ಲಿ ‘ಹಿಂಪಡೆ’ ಸರ್ಕಾರಕ್ಕೆ ಹೇಳಿದ ಮಾತು. ಆದೇಶ ಹೊರಡಿಸಿದವರೇ ವಾಪಸ್ ತಗೊಬೇಕು, ಸರಿ. ನೀರಿನ ವಿಷಯಕ್ಕೆ ಬಂದರೆ ಈ ಪದ ಸಾಲಲ್ಲ. ನಮಗೆ ಸಲ್ಲಬೇಕಾದ ಪಾಲನ್ನ ಇಸ್ಕೊಳ್ತಿದೀವಿ ಅನ್ನೋದು ಕುಣಿಗಲ್ ಕಡೆಯ ವಾದ. ನಮ್ಮ ಪಾಲನ್ನ ಕಸ್ಕೊಳ್ತಿದಾರೆ ಅನ್ನೋದು ಗುಬ್ಬಿಯ ಆತಂಕ. ನೀರು ಅದೇ, ನಾಲೆ ಅದೇ. ಕೊಡೋರ ಒಪ್ಪಿಗೆ ಇದೆಯಾ ಇಲ್ಲವಾ ಅನ್ನೋದರ ಮೇಲೆ ಕ್ರಿಯಾಪದ ಬದಲಾಗುತ್ತೆ.

ಒಪ್ಪಿಗೆ ಬರಬೇಕಾದರೆ ಯಾವ ತಾಲ್ಲೂಕಿಗೆ ಎಷ್ಟು ನೀರು ಹಂಚಿಕೆಯಾಗಿದೆ, ಎಷ್ಟು ಹರೀತಿದೆ ಅನ್ನೋ ಲೆಕ್ಕ ಎರಡೂ ಕಡೆಯವರ ಮುಂದೆ ಇರಬೇಕು. ಕೈಸಾಲವನ್ನೂ ನಾವು ಹಾಗೇ ತಾನೆ ಇಸ್ಕೊಳ್ಳೋದು, ಲೆಕ್ಕ ತೋರಿಸಿ?

ನಿಮ್ಮ ಕಡೆ ಈ ಪದವನ್ನ ಹೇಗೆ ಅಂತಾರೆ, ಇಸ್ಕೊ ಅಂತಲೋ ಈಸ್ಕೊ ಅಂತಲೋ? ನಮಗೆ ಬರೆದು ತಿಳಿಸಿ. ಮತ್ತೆ ಸಿಗೋಣ.